ಹೆಣದ ಪಾರ್ಟು

ಹೀರೋ ಆಗಾಕ ಬರ್ರಿ ಅಂದ್ರ ಬ್ಯಾಡಗಿ ಊರಿಗೆ ಊರ ಎದ್ದು ಬರತೈತ್ರಿ. ಹೆಣಾ ಆಗಾಕ ಬರ್ರಿ ಅಂದ್ರ ಒಬ್ಬನೂ ಬರೂದಿಲ್ಲ. ಇದು ನನಗ ಹೋದ ಫೆಬ್ರುವರಿಯಾಗ ಗೊತ್ತಾತು.

ನಾ ಅಶ್ಫಾಕ. ಸ್ಟೇಶನ್ ಮುಂದ ಆಟೋ ಹಚ್ಚತೇನಿ. ಹಾವೇರಿ ಕಾಲೇಜಿನ ಹುಡುಗಿ ಭುವನಾ, ಅಕಿ ಜೋಡಿ ಕ್ಯಾಮೆರಾ ಹಿಡಿಯೋ ಸುದೀಪ, ಇಬ್ಬರೂ ಒಂದು ಸಣ್ಣ ಸಿನಿಮಾ ಮಾಡತೇವಿ, ಪಾರ್ಟು ಮಾಡೋ ಮಂದೀನ ಹುಡಕಿ ಕೊಡ್ರಿ ಅಂತ ನನ್ನ ಆಟೋ ಹತ್ತಿದ್ರು. ಕಥಿ ಇಷ್ಟ: ಮನ್ಯಾಗ ವಯಸ್ಸಿನ ಮಗಾ ಸತ್ತಾನ, ಊರೆಲ್ಲಾ ಅಳತೈತಿ, ಹಡದವ್ವ ಮಾತ್ರ ಅಳವಲ್ಲಳು. ಅವ್ವನ ಪಾರ್ಟಿಗೆ ರಾಣೆಬೆನ್ನೂರಿನ ನಿರ್ಮಲಾ ಟೀಚರು ಸಿಕ್ಕರು. ಅಳೋವ್ರು ಬೇಕು ಅಂದ್ರ ನಮ್ಮ ಓಣಿ ಹೆಣ್ಮಕ್ಕಳು ಹನ್ನೆರಡು ಮಂದಿ ಮೆಣಸಿನಕಾಯಿ ತೊಟ್ಟು ಬಿಡಸೂದು ಬಿಟ್ಟು ಓಡಿ ಬಂದ್ರು. ಸತ್ತ ಮಗಾ ಮಾತ್ರ ಸಿಗವಲ್ಲ.

ಯಾಕಂದ್ರ ಕಥಿ ಲಿಂಗಾಯತರ ಮನೀದು, ಆ ಮಂದ್ಯಾಗ ಹೆಣಾ ಮಲಗಸೂದಿಲ್ರಿ, ಕುಂದ್ರಸ್ತಾರ. ಬೆನ್ನಿಗೆ ಹಲಗಿ ಕೊಟ್ಟು, ಕಾಲು ಮಡಚಿ, ಹಣಿತುಂಬ ವಿಭೂತಿ ಬಳದು, ಪೂಜಿಗೆ ಕುಂತಂಗ ಕುಂದ್ರಸ್ತಾರ. ಮಣ್ಣಾಗ ಇಡೂಮುಂದೂ ಕುಂತ ಇರಬೇಕು. ಜೀವಂತ ಇದ್ದಾವ ಹಂಗ ಕುಂತ್ರ ಆಯುಷ್ಯ ಕಮ್ಮಿ ಅಂತ ಎಲ್ಲಾರಿಗೂ ಅಂಜಿಕಿ. ಜಿಮ್ಮಿಗೆ ಹೋಗೋ ಹುಡುಗ ಒಬ್ಬ ಗಾಗಲ್ ಹಾಕ್ಕೊಂಡು ಬಂದಿದ್ದ. "ಡೈಲಾಗ್ ಎಷ್ಟದಾವ್ರಿ?" ಅಂದ. "ಒಂದೂ ಇಲ್ಲ, ಸುಮ್ಮ ಕುಂದ್ರೂದು" ಅಂದ್ಳು ಭುವನಾ. ಹೆಂಗ ಕುಂದ್ರೂದು ಅಂತ ಗೊತ್ತಾದ ಕೂಡ್ಲೆ ಗಾಗಲ್ ಅಲ್ಲೇ ಬಿಟ್ಟು ಓಡಿದ. ಇನ್ನೊಬ್ಬನ ಅವ್ವ ಭರಮವ್ವ ಕಸಬರಿಗಿ ಹಿಡಕೊಂಡು ನನ್ನ ಬೆನ್ನ ಹತ್ತಿದಳು, "ಬಾಳಿ ಬದುಕೋ ಮಗನ್ನ ಹೆಣಾ ಮಾಡತೀಯೇನೋ ಭಾಡ್ಯಾ!" ಅಂತ.

ಕಡೀಕ ಸುದೀಪನ, "ನಾನ ಕುಂದ್ರತೇನಿ ಬಿಡ, ನಮ್ಮವ್ವಗ ಹೇಳಬ್ಯಾಡ್ರಿ" ಅಂದ. ಶೂಟಿಂಗಿಗೆ ಹಿಡದಿದ್ದ ಹಳೇ ವಾಡೇದ ಮನಿ ಪಡಸಾಲ್ಯಾಗ ಅವನ್ನ ಮೂರು ಸಲ ಕಟ್ಟಿದ್ರು. ಮೂರೂ ಸಲ ಬಸ್ಸಿನಾಗ ತೂಕಡಿಸೋವ್ರಂಗ ಅವನ ಗೋಣು ಜೋಲಿ ಬಿತ್ತು. "ಅಶ್ಫಾಕಣ್ಣ, ಇದನ್ನ ಬಲ್ಲವ್ರು ಊರಾಗ ಯಾರೂ ಇಲ್ಲೇನ್ರಿ?" ಅಂತ ಕೇಳಿದ್ಳು ಭುವನಾ. ಬಲ್ಲವ ಒಬ್ಬ ಇದ್ದ. ಅವನ ಹೆಸರು ನನ್ನ ಬಾಯಿಗೆ ಬರಾಕ ಒಂದು ದಿನಾ ಹಿಡೀತು.

ಸಿದ್ದಲಿಂಗಪ್ಪ ಕಾಕಾ. ನಮ್ಮ ಓಣಿಯಾಂವ. ಮೆಣಸಿನಕಾಯಿ ಯಾರ್ಡಿನಾಗ ನಲವತ್ತು ವರ್ಷ ಹಮಾಲಿ ಮಾಡಿದ. ಆದ್ರ ಊರಾಗ ಯಾರರ ಸತ್ರ ಮೊದಲ ಕರೆ ಹೋಗೂದು ಅವನಿಗೆ. ಹೆಗಲ ಮ್ಯಾಲಿನ ಚೀಲಾ ಇಳಿಸಿ ಬರತಿದ್ದ. ಒಂದು ಕಪ್ಪು ಚಾ ಬಿಟ್ಟು ಏನೂ ಮುಟ್ಟತಿರಲಿಲ್ಲ. ಬಿಗದ ಹೆಣದ ಮುಂದ ಕುಂತು ಮಾತಾಡತಿದ್ದ ನೋಡ್ರಿ, "ಯಪ್ಪಾ, ಕಾಲು ಸ್ವಲ್ಪ ಮಡಚು. ಯವ್ವಾ, ಮಾರಿ ಎತ್ತು" ಅಂತ. "ಸತ್ತವ್ರ ಕೂಡ ಏನು ಮಾತೋ ಕಾಕಾ?" ಅಂತ ಸಣ್ಣಾವಿದ್ದಾಗ ಕೇಳಿದ್ದೆ. "ಮಾತಾಡಿಸಿದ್ರ ಸಡ್ಲ ಆಗತಾರೋ. ಮಲಗಿಸಿ ಕಳಿಸಿದ್ರ ದಾರಿ ಹೆಂಗ ಕಾಣತೈತಿ?" ಅಂದಿದ್ದ.

ಅವನ ಮಗಾ ಮೈಲೇಶ ನನ್ನ ದೋಸ್ತ. ಕೊರೊನಾ ಎರಡನೇ ಸಲ ಬಂತಲ್ರಿ, ಆಗ ಬಿದ್ದ. ಮನ್ಯಾಗ ಕಾಕಾಗೂ ಜ್ವರ, ಪ್ರೇಮವ್ವ ಕಾಕೂಗೂ ಜ್ವರ. ಮೈಲೇಶನ್ನ ಆಟೋದಾಗ ಹಾಕ್ಕೊಂಡು ಹಾವೇರಿಗೆ ಒಯ್ದಾವ ನಾನ. ಮೂರನೇ ದಿನ ಹೋದ. ಪ್ಲಾಸ್ಟಿಕ್ಕಿನಾಗ ಸುತ್ತಿ, ಬಿಳೀ ಅಂಗಿ ತೊಟ್ಟ ನಾಕು ಮಂದಿ ಉದ್ದಕ ಮಲಗಿಸಿ ತಗ್ಗಿನಾಗ ಇಳಿಸಿದ್ರು. ತಂತಿ ಬೇಲಿ ಹೊರಗ ನಿಂತು ಕಾಕಾ ಒದರಿದ: "ಕುಂದ್ರಸ್ರೋ! ನಿಮ್ಮ ಕಾಲಿಗೆ ಬೀಳತೇನಿ, ಒಂದಿಷ್ಟು ಕುಂದ್ರಸ್ರೋ!" ಅವರದೇನು ತಪ್ಪು ಹೇಳ್ರಿ, ಹಿಂದ ಇನ್ನೂ ಐದು ಹೆಣಾ ಕಾಯಾಕತ್ತಿದ್ದುವು. ಊರ ಮಂದೀನ್ನೆಲ್ಲಾ ಕುಂದ್ರಿಸಿದ ಕೈ ಬೇಲಿ ತಂತಿ ಹಿಡಕೊಂಡು ನಿಂತಿತ್ತು.

ಅವತ್ತಿನಿಂದ ಕಾಕಾ ಯಾವ ಹೆಣಕ್ಕೂ ಕೈ ಹಚ್ಚಲಿಲ್ಲ. ಮಲಗೂದನ್ನೂ ಬಿಟ್ಟ. ಖರೇ ಹೇಳತೇನಿ, ನಾಕು ವರ್ಷ ಗ್ವಾಡಿಗೆ ಬೆನ್ನ ಹಚ್ಚಿ ಕುಂತ ನಿದ್ದಿ ಮಾಡಿದ. ಒಂದು ಮಧ್ಯಾಹ್ನ ಕಟ್ಟಿ ಮ್ಯಾಲ ಹಂಗ ಜೊಂಪು ಹತ್ತಿದ್ದಾವ ಬೆವತು ಎದ್ದು ನನ್ನ ಕೈ ಹಿಡಕೊಂಡ. "ಮೈಲೇಶ ಮತ್ತ ಕನಸಿನಾಗ ಬಂದಿದ್ದನೋ ಅಶ್ಫಾಕ. ದಿನಾ ಬರತಾನ. 'ಬೆನ್ನು ನೋಯಾಕತ್ತೈತಿ, ಎಬ್ಬಿಸಿ ಕುಂದ್ರಸು' ಅಂತಾನ. ಅಂವ ಅಲ್ಲೆ ಮಲಗಿರೂತನಾ ನಾ ಇಲ್ಲಿ ಹೆಂಗ ಮಲಗಲಿ?" ಅಂದ.

ನಾ ನನ್ನ ಕೈ ಬಿಡಿಸ್ಕೊಂಡೆ. ಯಾಕಂದ್ರ ಅದು ಕನಸಿನ ಮಾತಲ್ಲ. ಆಸ್ಪತ್ರಿ ದಾರ್ಯಾಗ, ಮೋಟೆಬೆನ್ನೂರ ದಾಟಿದ ಮ್ಯಾಲ, ಹಿಂದಿನ ಸೀಟಿನಾಗ ಮಲಗಿದ್ದ ಮೈಲೇಶ ನನಗ ಅಂದ ಮಾತದು. "ಬೆನ್ನು ನೋಯಾಕತ್ತೈತಿ, ಎಬ್ಬಿಸಿ ಕುಂದ್ರಸೋ ಅಶ್ಫಾಕ." ಮೂರು ಸಲ ಅಂದ. ನಾ ಗಾಡಿ ನಿಲ್ಲಿಸಲಿಲ್ಲ. ನನ್ನ ಮನ್ಯಾಗ ಎರಡು ಸಣ್ಣ ಕೂಸು ಇದ್ದುವು, ಮುಟ್ಟಾಕ ಅಂಜಿದೆ. ಕೇಳಲಾರದಂಗ ಹಾರ್ನ್ ಹೊಡಕೋತ ಹೋದೆ. ಇದನ್ನ ಕಾಕಾಗಷ್ಟ ಅಲ್ಲ, ನನ್ನ ಹೇಂತಿಗೂ ಹೇಳಿರಲಿಲ್ಲ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರಲ್ರಿ. ಆಡದಿದ್ರೂ ಹೋಗತೈತಿ, ಒಳಗೊಳಗ ಕೊಳೀತೈತಿ.

"ಕಾಕಾ, ಹುಡುಗರು ತಪ್ಪು ಮಾಡಾಕತ್ತಾರ. ನಿಂತು ಬಾಯ್ಲೆ ಹೇಳು, ಸಾಕು" ಅಂತ ಭುವನಾ ಕೇಳಿದ ಮರುದಿನ ಕೈ ಮುಗದು ವಾಡೇಕ್ಕ ಕರಕೊಂಡು ಹೋದೆ. ಅಂವ ಪಡಸಾಲಿ ಹೊಸ್ತಿಲಾ ದಾಟಲಿಲ್ಲ. ಒಳಗ ಸುದೀಪ ಉದ್ದಕ ಮಲಗಿದ್ದ, ಕಣ್ಣು ಮುಚ್ಚಿದ್ದ, ಲೈಟು ಸರಿ ಮಾಡೂದರಾಗ ಅರ್ಧ ತಾಸಾಗಿತ್ತು. "ಉಸಿರಾಡೋ ಹುಡುಗಗ ನಾ ಕೈ ಹಚ್ಚೂದಿಲ್ಲ. ಪಾಪ ಬರತೈತಿ" ಅಂದ ಕಾಕಾ, ಹೊಳ್ಳಿ ಹೊಂಟ.

ಆಗ ಸುದೀಪ ಕಣ್ಣು ತೆರೀಲಾರದ ಅಂದ: "ಬೆನ್ನು ನೋಯಾಕತ್ತೈತ್ರಿ ಅಜ್ಜಾ. ಲಗೂ ಎಬ್ಬಿಸಿ ಕುಂದ್ರಸ್ರಿ."

ಅಲ್ಲಾನ ಆಣಿ, ನಾ ಹೇಳಿ ಕೊಟ್ಟಿದ್ದಲ್ಲ. ಆ ಹುಡುಗಗ ಖರೇನ ಬೆನ್ನು ನೊಂದಿತ್ತು. ಕಾಕಾ ಬಾಗಲ ಚೌಕಟ್ಟು ಹಿಡಕೊಂಡು ನಿಂತ. ಆಮ್ಯಾಲ ಚಪ್ಪಲಿ ಬಿಟ್ಟ, ತಂಬಿಗಿ ನೀರಾಗ ಕೈ ತೊಳಕೊಂಡ, ಒಳಗ ಹೋದ. ಭುವನಾ ಕ್ಯಾಮೆರಾ ಚಾಲೂ ಮಾಡಿದ್ಳು.

ತೋಳಿನಾಗ ಕೈ ಕೊಟ್ಟು ಎಬ್ಬಿಸಿದ. ಹಲಗಿ ಆನಿಸಿ ಕಟ್ಟಿದ. "ಕಾಲು ಮಡಚಪ್ಪಾ ಮೈಲೇಶಾ" ಅಂದ. ಸುದೀಪ ಮಡಚಿದ. ಇಷ್ಟು ವರ್ಷದಾಗ ಯಾವ ಹೆಣಾನೂ ಕಾಕಾನ ಮಾತು ಕೇಳಿ ತಾನ ಕಾಲು ಮಡಚಿರಲಿಲ್ರಿ, ಇಂವ ಮಡಚಿದ. ಗದ್ದಕ್ಕ ಅರಬಿ ಕಟ್ಟಿದ, ವಿಭೂತಿ ಹಚ್ಚಿದ, ಕಿವ್ಯಾಗ ಏನೋ ಹೇಳಿದ. ಗೋಣು ಜೋಲಲಿಲ್ಲ. ಅಳಾಕ ಬಂದಿದ್ದ ಹೆಣ್ಮಕ್ಕಳು ಅಳೂದನ್ನ ಮರತು ನಿಂತಿದ್ರು.

"ಕಟ್" ಅಂದ್ಳು ಭುವನಾ, ಸಣ್ಣ ದನೀಲೆ. "ಸುದೀಪಾ, ಏಳೋ."

"ಏಳಬ್ಯಾಡ" ಅಂದ ಕಾಕಾ. "ನಾ ಮನಿ ಮುಟ್ಟೂತನಾ ಹಂಗ ಕುಂತಿರು ನನ್ನಪ್ಪಾ. ನೀ ಎದ್ದದ್ದನ್ನ ನಾ ನೋಡಬಾರದು." ತಿರುಗಿ ನೋಡಲಾರದ ಬಂದು ಆಟೋದಾಗ ಕುಂತ. ಮೈಲೇಶ ಮಲಗಿದ್ದ ಸೀಟು ಅದು.

ನನಗ ತಡಕೊಳ್ಳಾಕ ಆಗಲಿಲ್ಲ. ಕನ್ನಡಿಯೊಳಗ ಅವನ ಮಾರಿ ನೋಡದ, ಮುಂದಿನ ರಸ್ತೇನ ನೋಡಕೋತ ಎಲ್ಲಾ ಹೇಳಿಬಿಟ್ಟೆ. ಮೋಟೆಬೆನ್ನೂರು, ಹಾರ್ನು, ಮೂರು ಸಲ. ಕಾಕಾ ಮನಿ ಮುಂದ ಇಳದು, ಬಗ್ಗಿ ಆ ಸೀಟಿನ ಮ್ಯಾಲ ಕೈಯಾಡಿಸಿದ. ಬಡೀತಾನ ಅನ್ಕೊಂಡೆ. ಬಡದಿದ್ರ ಛೊಲೊ ಇತ್ತು.

"ಹೋಗು. ಆ ಹುಡುಗನ್ನ ಬಿಚ್ಚಿ ಬಾ, ಬೆನ್ನು ನೋಯತಿರತೈತಿ" ಅಂದ. "ಈ ಸಲಾನರ ಕೈ ಹಚ್ಚು."

ನಾ ಆಟೋ ಹೊಳ್ಳಿಸೂದರಾಗ ಅಂವ ಕಟ್ಟಿ ಮ್ಯಾಲ ಚಾಪಿ ಹಾಸಿದ್ದ. ಉದ್ದಕ ಕಾಲು ಚಾಚಿ ಮಲಗಿದ. ಪ್ರೇಮವ್ವ ಕಾಕೂ ಬಾಗಲದಾಗ ನಿಂತು ಬಾಯಿ ಮ್ಯಾಲ ಸೆರಗು ಇಟಗೊಂಡು ನೋಡಾಕತ್ತಿದ್ಳು.

ವಾಡೇದಾಗ ಯಾರೂ ಸುದೀಪನ ಹತ್ರ ಸುಳದಿರಲಿಲ್ಲ, ಅಂಜಿದ್ರು. ನಾ ಹಲಗಿ ಸಂದ್ಯಾಗ ಕೈ ತೂರಿಸಿ ಗಂಟು ಬಿಚ್ಚಿದೆ. ಅವನ ಬೆನ್ನು ಬೆಚ್ಚಗಿತ್ತು.

"ಎಷ್ಟೊತ್ತು ಮಾಡಿದ್ಯೋ ಅಶ್ಫಾಕಣ್ಣ" ಅಂದ.

"ಭಾಳ ತಡಾ ಮಾಡಿದೆನಪ್ಪಾ" ಅಂದೆ. "ತಪ್ಪಾತು."