ಶಾಲೆ ಬಿಟ್ಟ ಮೇಲಿನ ಒಂದು ಗಂಟೆ

ಗಿರಿಜಾದೇವಿ ರಾಣೆಬೆನ್ನೂರಿನವರು. ಗಂಡನಿಗೆ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಗೋವಿಂದರಾಜನಗರದ ಬಾಡಿಗೆ ಮನೆಗೆ ಬಂದು, ಸ್ವಲ್ಪ ದೂರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದರು. ಏನನ್ನೇ ಕಂಡರೂ ‘ಇದು ಹೀಗೇಕೆ’ ಎಂದು ಕೇಳದೆ ಬಿಡುವವರಲ್ಲ. ಹಾಲು ಉಕ್ಕುತ್ತಿದ್ದರೆ ಒಲೆ ಆರಿಸುವುದು ಬಿಟ್ಟು ನೋಡುತ್ತಾ ನಿಲ್ಲುತ್ತಾಳೆ ಎಂದು ಅತ್ತೆ ಗೊಣಗುತ್ತಿದ್ದರು.

೧೯೭೪ರ ಜೂನಿನಲ್ಲಿ ಹೆಡ್ಮಾಸ್ಟರ್ ಗಂಗಾಧರಯ್ಯನವರು ಹೊಸ ನಿಯಮ ತಂದರು. ಅವರಿಗೆ ಬೆತ್ತ ಹಿಡಿಯುವುದು ಇಷ್ಟವಿರಲಿಲ್ಲ. ತಡವಾಗಿ ಬಂದವರೂ ಮನೆಲೆಕ್ಕ ಮಾಡದವರೂ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂತು ಹೋಗಬೇಕು. ಅವರನ್ನು ನೋಡಿಕೊಳ್ಳುವ ಕೆಲಸ ಗಿರಿಜಾದೇವಿಯವರ ಪಾಲಿಗೆ ಬಂತು.

ಕೆಲವು ವಾರಗಳಲ್ಲೇ ಅವರಿಗೆ ಒಂದು ವಿಚಿತ್ರ ಕಾಣಿಸಿತು. ಕುರುಬರಹಳ್ಳಿಯಿಂದ ನಡೆದು ಬರುತ್ತಿದ್ದ ಒಂಬತ್ತನೇ ಕ್ಲಾಸಿನ ಹನುಮಕ್ಕ ಮೊದಲು ಅಪರೂಪಕ್ಕೊಮ್ಮೆ ತಡ ಮಾಡುತ್ತಿದ್ದಳು. ಈಗ ದಿನವೂ ತಡ.

“ದಿನಾ ಕೂರಿಸ್ತಾ ಇದೀನಿ, ಆದ್ರೂ ದಿನಾ ಲೇಟಾಗಿ ಬರ್ತೀಯಲ್ಲ, ಯಾಕೆ?”

“ಕೂರಿಸ್ತೀರಲ್ಲ ಮಿಸ್, ಅದಕ್ಕೇ.”

ಹುಡುಗಿಯ ದನಿಯಲ್ಲಿ ಕೊಬ್ಬಿರಲಿಲ್ಲ. ಗಿರಿಜಾದೇವಿ ಬೈಯಲಿಲ್ಲ, ಆ ಸಂಜೆ ಅವಳ ಜೊತೆಯಲ್ಲೇ ಕುರುಬರಹಳ್ಳಿಗೆ ಹೊರಟರು.

ಬೀದಿ ನಲ್ಲಿಯ ಹತ್ತಿರ ನೆಲವಿನ್ನೂ ಒದ್ದೆಯಾಗಿತ್ತು, ನಲ್ಲಿಯಲ್ಲಿ ಮಾತ್ರ ಹನಿ ನೀರಿಲ್ಲ. ಮನೆ ಬಾಗಿಲಲ್ಲಿ ಊದುಬತ್ತಿ ಹೊಸೆಯುತ್ತಾ ಕೂತಿದ್ದ ತಾಯಿ ಬೋರಮ್ಮ ಗಾಬರಿಯಿಂದ ಕೈ ಒರೆಸಿಕೊಂಡರು.

“ತಪ್ಪೇನಾದ್ರೂ ಮಾಡಿದ್ಲಾ ಮಿಸ್ಸಮ್ಮ?”

“ಇಲ್ಲಮ್ಮ. ಬೆಳಗ್ಗೆ ಯಾಕೆ ತಡ ಆಗುತ್ತೆ ಅಂತ ತಿಳ್ಕೊಳ್ಳೋಣ ಅಂತ ಬಂದೆ.”

“ನಂಗೆ ಸೊಂಟ ನೋವು, ಕೊಡ ಎತ್ತಕ್ಕಾಗಲ್ಲ. ನೀರು ಇವ್ಳೇ ಹಿಡೀಬೇಕು. ಸಂಜೆ ಸ್ಕೂಲು ಬಿಡೋ ಹೊತ್ಗೆ ಬಿಡ್ತಾರೆ, ಈಗ ಇವ್ಳು ಒಂದ್ಗಂಟೆ ತಡವಾಗಿ ಬರೋ ಹೊತ್ಗೆ ನಿಂತೋಗಿರುತ್ತೆ. ಬೆಳಗ್ಗೆ ಹಿಡಿಯಣಾಂದ್ರೆ ಊರೆಲ್ಲಾ ಸಾಲು ನಿಂತಿರ್ತಾರೆ.”

ಮರುದಿನ ಇದನ್ನು ಕೇಳಿದ ಗಂಗಾಧರಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರೆ ಶಿಕ್ಷೆನೇ ತಪ್ಪನ್ನ ಹುಟ್ಟಿಸ್ತಾ ಇದೆ ಅಂತೀರಾ?”

“ಇವಳೊಬ್ಬಳ ವಿಷಯದಲ್ಲಿ ಹೌದು ಸಾರ್. ಮಿಕ್ಕವರದ್ದು ಗೊತ್ತಿಲ್ಲ. ಒಂದು ತಿಂಗಳು ಲೇಟಾಗಿ ಬಂದವರನ್ನ ಕೂರಿಸದೆ ನೋಡೋಣ.”

ಅವರು ಒಪ್ಪಿದರು. ಹನುಮಕ್ಕ ಬೆಲ್ ಹೊಡೆಯುವ ಮೊದಲೇ ಬರತೊಡಗಿದಳು. ಆದರೆ ಶಾಲೆಯ ಹಿಂದಿನ ಬೀದಿಯಲ್ಲೇ ಮನೆಯಿದ್ದ ಇಬ್ಬರು ಹುಡುಗಿಯರು ಈಗ ಪ್ರಾರ್ಥನೆ ಮುಗಿದ ಮೇಲೆ ಆರಾಮಾಗಿ ಬರುತ್ತಿದ್ದರು. ಗಿರಿಜಾದೇವಿಗೆ ಪೆಚ್ಚೆನಿಸಿತು. ಹನುಮಕ್ಕ ಸರಿಹೋದದ್ದನ್ನು ಕಂಡು, ಸಂಜೆ ಕೂರಿಸುವುದರಿಂದ ಏನೂ ಪ್ರಯೋಜನವಿಲ್ಲವೆಂದು ತೀರ್ಮಾನಿಸಿಬಿಟ್ಟಿದ್ದ ಅವರು, ಆ ಇಬ್ಬರನ್ನು ಮತ್ತೆ ಕೂರಿಸಿದರು. ವಾರದೊಳಗೆ ಇಬ್ಬರೂ ಸರಿಹೋದರು.

ಬಟ್ಟೆ ವ್ಯಾಪಾರಿಯ ಮಗಳು ಶಿವಗಂಗಮ್ಮನದು ಇನ್ನೊಂದು ಕಥೆ. ಲೆಕ್ಕ ಮಾಡದ್ದಕ್ಕೆ ಸಂಜೆ ಕೂರುತ್ತಿದ್ದವಳು, ಲೆಕ್ಕವೆಲ್ಲ ಮುಗಿಸಿಕೊಂಡ ಮೇಲೂ ಆ ಕೋಣೆಗೆ ಬಂದಳು.

“ಇವತ್ತು ನಿನ್ನ ಹೆಸರಿಲ್ವಲ್ಲೇ.”

“ಮನೇಲಿ ಅಂಗಡಿಯೋರು ಬಂದು ಹೋಗ್ತಾನೇ ಇರ್ತಾರೆ ಮಿಸ್. ಇಲ್ಲಾದ್ರೆ ತಲೆ ಓಡುತ್ತೆ. ಕೂತ್ಕೊಳ್ಲಾ?”

ಗಂಗಾಧರಯ್ಯನವರಿಗೆ ಇದು ಬಗೆಹರಿಯಲಿಲ್ಲ. “ಇಷ್ಟಪಟ್ಟು ಕೂತ್ರೆ ಅದು ಶಿಕ್ಷೆ ಹೇಗಾಗುತ್ತೆ ಮೇಡಂ?”

“ನಂಗೂ ಗೊತ್ತಿಲ್ಲ ಸಾರ್. ಲೆಕ್ಕ ಅಂತೂ ಆಗ್ತಾ ಇದೆ.”

ಆಮೇಲೆ ಯಾರನ್ನು ಕೂರಿಸಬೇಕಾದರೂ ಗಿರಿಜಾದೇವಿ ಮೊದಲು ಅವಳ ಮನೆಯ ಸಂಜೆ ಹೇಗಿರುತ್ತದೆಂದು ವಿಚಾರಿಸುತ್ತಿದ್ದರು. ಹುಡುಗಿಯರು ಮೊದಮೊದಲು ಹೆದರಿದರು, ಬರಬರುತ್ತಾ ಕೇಳದಿದ್ದರೂ ಹೇಳತೊಡಗಿದರು. ಎಷ್ಟೋ ಸಂಜೆ ಆ ಮಾತುಗಳಲ್ಲೇ ಗಂಟೆ ಕಳೆದುಹೋಗಿ, ಟೀಚರೇ ಮನೆಗೆ ತಡವಾಗಿ ಹೋಗುತ್ತಿದ್ದರು.