ಅಜೀಜಾಬಿಯ ಸ್ಟುಡಿಯೋಕ್ಕೆ ಬಂದ ಮೋಟರಿನ ಲೆನ್ಸು

ಮುಂಬಯಿಯ ಬೈಕುಲ್ಲಾದಲ್ಲಿ ಮುಸಲ್ಮಾನರ ಮದುವೆಯೆಂದರೆ ಹೆಂಗಸರ ಕಡೆಯ ಫೋಟೋಕ್ಕೆ ಅಜೀಜಾಬಿಯೇ ಬರಬೇಕಿತ್ತು. ಗಂಡಸು ಕ್ಯಾಮೆರಾ ಹಿಡಿದು ಪರದೆಯೊಳಗೆ ಕಾಲಿಡುವಂತಿರಲಿಲ್ಲ. ವಿಜಾಪುರದಿಂದ ಮದುವೆಯಾಗಿ ಬಂದವಳು, ಗಂಡ ಚಮನಸಾಬನ ಸ್ಟುಡಿಯೋದಲ್ಲಿ ಕಸ ಗುಡಿಸುತ್ತಲೇ ಲೆನ್ಸಿನ ರಿಂಗು ತಿರುಗಿಸಿ ಮುಖ ನಿಚ್ಚಳ ಮಾಡುವುದನ್ನು ಕಲಿತಿದ್ದಳು. ಅಂಗಡಿ ನಿಂತದ್ದೇ ಅವಳ ದುಡಿಮೆಯ ಮೇಲೆ. ಬೋರ್ಡಿನ ಮೇಲಿನ ಹೆಸರು ಮಾತ್ರ ಅವನದು.

ಎಂಬತ್ತೆಂಟರಲ್ಲಿ ಚಮನಸಾಬನ ತಮ್ಮ ದುಬೈಯಿಂದ ಹೊಸ ಕ್ಯಾಮೆರಾ ತಂದ. ಲೆನ್ಸಿನೊಳಗೇ ಪುಟ್ಟ ಮೋಟರು. ಗುಂಡಿಯನ್ನು ಅರ್ಧ ಒತ್ತಿದರೆ ಸಾಕು, ತಾನೇ ತಿರುಗಿ ಫೋಕಸ್ ಮಾಡುತ್ತಿತ್ತು. ಅಜೀಜಾಬಿ ಕೈ ಚಾಚಿದಳು. ಚಮನಸಾಬ ಅದನ್ನು ಸೊಸೆ ಜೈತುನಬಿಯ ಕೊರಳಿಗೆ ಹಾಕಿದ.

"ನಿನ್ನ ಕಣ್ಣು ಮಂಜಾಗ್ಯಾವ. ಇನ್ನ ಮನ್ಯಾಗ ಕುಂದ್ರು. ಇದಕ್ಕ ಕಲ್ತವರ ಯಾಕ ಬೇಕು, ಒಂದ್ ಬೆರಳ ಇದ್ರ ಸಾಕು," ಅಂದ.

ಮನೆಯಲ್ಲಿ ಯಾರೂ ಇಲ್ಲದಾಗ ಅಜೀಜಾಬಿ ಆ ಕ್ಯಾಮೆರಾ ತೆಗೆದು ನೋಡಿದಳು. ಮಂದ ಬೆಳಕಿನಲ್ಲಿ ಮೋಟರು ತಡಕಾಡುತ್ತದೆ, ಲೆನ್ಸಿನ ಪಕ್ಕದ ಸ್ವಿಚ್ಚು ಸರಿಸಿದರೆ ಹಳೆಯದರ ಹಾಗೆ ಕೈಯಿಂದಲೇ ತಿರುಗಿಸಬಹುದು ಎಂದು ಅರಿತಳು. ಸೊಸೆಗೆ ಹೇಳಲಿಲ್ಲ.

ಘಾಟ್ಕೋಪರಿನ ಒಂದು ಮದುವೆಗೆ ಜೈತುನಬಿ ಫೋಟೋ ತೆಗೆಯಲು ಹೋದಳು, ಅಜೀಜಾಬಿ ಬರೀ ಊಟಕ್ಕೆ. ಮದುವೆ ಹಾಲ್‌ನ ದೀಪ ಮಂಕು. ಮದುಮಗಳ ಬಿಳಿ ಮುಸುಕು ಎತ್ತುವ ಹೊತ್ತಿಗೆ ಜೈತುನಬಿ ಗುಂಡಿ ಒತ್ತಿದಳು. ಮೋಟರು ಗುರ್ ಅಂತ ಮುಂದೆ ಹೋಯಿತು, ಹಿಂದೆ ಬಂತು, ಎಲ್ಲೂ ನಿಲ್ಲಲೊಲ್ಲದು. ಫೋಕಸ್ ಸಿಗದೆ ಫೋಟೋವೂ ಬೀಳಲೊಲ್ಲದು. ಬೆವೆತ ಹುಡುಗಿ ಅತ್ತೆಯತ್ತ ನೋಡಿದಳು. ಅಜೀಜಾಬಿ ಎಲೆಅಡಿಕೆಯ ತಟ್ಟೆಯತ್ತ ಮುಖ ತಿರುಗಿಸಿದಳು. ಅಷ್ಟರಲ್ಲಿ ಮುಸುಕು ಎದ್ದು, ಮದುಮಕ್ಕಳು ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿ, ಎಲ್ಲಾ ಮುಗಿದಿತ್ತು.

ಮದುಮಗಳ ತಾಯಿ ಸ್ಟುಡಿಯೋಕ್ಕೆ ಬಂದು ಹಿಡಿಶಾಪ ಹಾಕಿದಳು. ಸುದ್ದಿ ಮೊಹಲ್ಲಾದಲ್ಲೆಲ್ಲ ಹಬ್ಬಿ, ಮದುವೆ ಮನೆಗಳಿಂದ ಕರೆ ಬರುವುದೇ ನಿಂತಿತು. ಚಮನಸಾಬ ಎಲ್ಲರೆದುರು ಸೊಸೆಯನ್ನು ಬೈದು ಕ್ಯಾಮೆರಾ ಕಿತ್ತುಕೊಂಡ. ಅದನ್ನು ಹೆಂಡತಿಗೇನೂ ಕೊಡಲಿಲ್ಲ, ಮಾರಿಬಿಟ್ಟ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಜೈತುನಬಿ ಕೇಳಿದಳು, "ಅತ್ತಿ, ಅವತ್ತ ಏನ್ ಮಾಡ್ಬೇಕಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ನಾ ಬಾಯಿಬಿಟ್ಟು ಕೇಳಿದ್ರ ಹೇಳ್ತಿದ್ರೇನ್ರಿ?"

ಅಜೀಜಾಬಿ "ಇಲ್ಲವ್ವಾ," ಅಂದಳು.

ಜೈತುನಬಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅವತ್ತಿನಿಂದ ಅವಳು "ಅತ್ತಿ" ಅಂತ ಕರೆಯುವುದನ್ನು ಬಿಟ್ಟಳು. ತಟ್ಟೆ ಮುಂದಿಟ್ಟು, "ಆರತೈತಿ, ಉಣ್ರಿ," ಅನ್ನುತ್ತಿದ್ದಳು, ಅಷ್ಟೇ.