ಹನ್ನೊಂದನೇ ಕಾಲಮ್ಮಿನ ಗುಮಾಸ್ತರು

ಬೆಳಿಗ್ಗೆ ಆರೂವರೆ. ಮದುವೆಮನೆಯ ಹಿಂದಿನ ಕೋಣೆಯಲ್ಲಿ ಇನ್ನೂ ಕಸ ಗುಡಿಸಿಲ್ಲ. ಚಾಪೆಯ ಮೇಲೆ ಮದುಮಗಳು, ಬಾಗಿಲಿಗೆ ಒರಗಿ ಅವಳ ತಾಯಿ, ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಖಾಜಿ ಕಚೇರಿಯ ಗುಮಾಸ್ತರು. ವಯಸ್ಸು ಅರವತ್ತೇಳು, ಜೊತೆಗೆ ಮಂಡಿನೋವು. ಇವರ ಬಗ್ಗೆ ಬರೆಯಲು ಬಂದ ನಾನು ಒಂದು ಮೂಲೆಯಲ್ಲಿ. ನಿಕಾಹ್ ಪತ್ರದ ಹತ್ತು ಕಾಲಂ ಸರಸರ ತುಂಬಿದವರು ಹನ್ನೊಂದಕ್ಕೆ ಬಂದಾಗ ಪೆನ್ನು ಕೆಳಗಿಡುತ್ತಾರೆ.

"ಇದು ನಿನ್ನ ಷರತ್ತಿನ ಜಾಗ ಮಗಳೇ. ಓದು, ಕೆಲಸ, ಇರೋ ಊರು, ಏನಿದ್ರೂ ಹೇಳು, ಬರ್ಕೋತೀನಿ. ಅದಕ್ಕೆ ಹುಡುಗ ಸಹಿ ಹಾಕ್ಬೇಕು."

ಹುಡುಗಿ ತಾಯಿಯ ಮುಖ ನೋಡುತ್ತಾಳೆ. ಎಲ್ಲರೂ ಹಾಗೇ ನೋಡುತ್ತಾರಂತೆ. ಇವರು ಕಾಯುತ್ತಾರೆ, ಕಾಯುವುದೇ ಈ ಕೆಲಸದ ಮುಕ್ಕಾಲು ಪಾಲು. ಕೊನೆಗೆ, ನರ್ಸಿಂಗ್ ಕೊನೆಯ ವರ್ಷ ಮುಗಿಸಬೇಕು ಎಂಬ ಮಾತು ಹೊರಬೀಳುತ್ತದೆ. ಗುಮಾಸ್ತರು ದುಂಡಗೆ ಬರೆದುಕೊಳ್ಳುತ್ತಾರೆ.

ಈ ಕಾಲಂ ಹೊಸದೇನಲ್ಲ. ಆದರೆ ಮೂವತ್ತು ವರ್ಷ ಇವರೇ, ಯಾರನ್ನೂ ಕೇಳದೆ, ಅದಕ್ಕೆ ಅಡ್ಡಗೆರೆ ಎಳೆದು 'ಇಲ್ಲ' ಎಂದು ಬರೆಯುತ್ತಿದ್ದರು. ಏಳು ವರ್ಷದ ಹಿಂದೆ ಊರಿನ ದರ್ಗಾದ ಉಗ್ರಾಣಕ್ಕೆ ಗೆದ್ದಲು ಹಿಡಿಯಿತು. ಅಲ್ಲಿದ್ದ ಹಳೆಯ ನಿಕಾಹ್ ದಫ್ತರಗಳನ್ನು ಬಿಸಿಲಿಗೆ ಹಾಕಲು ಹೋದ ಇವರು ಅಲ್ಲೇ ಕೂತು ಓದಿದರು. ಮುತ್ತಜ್ಜಿಯರ ಕಾಲದಲ್ಲಿ ಆ ಜಾಗ ತುಂಬಿತ್ತು: ಕೇಳದೆ ಊರು ಬಿಡಿಸಬಾರದು, ತಾಯಿಯನ್ನು ನೋಡಲು ಹೋದರೆ ತಡೆಯಬಾರದು. ಪ್ರತಿ ಪುಟದ ನೆತ್ತಿಯಲ್ಲಿ ದರ್ಗಾದ ಸಂತರ ಹೆಸರು, ಇವರು ಈಗಲೂ ಬರೆಯುವ ಹಾಗೆ. ಖಾಜಿಯವರು ಕಿತಾಬು ತೆಗೆದು ನೋಡಿ, ಧರ್ಮದ ಅಡ್ಡಿಯಿಲ್ಲ, ಬರಿ ಎಂದರಂತೆ. ಜಗಳ ಬಂದರೆ ನನ್ನ ಹೆಸರು ಎತ್ತಬೇಡ ಎಂದೂ ಸೇರಿಸಿದರಂತೆ!

ಅಂದಿನಿಂದ ನಾನೂರ ಹನ್ನೆರಡು ಮದುವೆ, ನೂರ ಮೂವತ್ತೊಂಬತ್ತು ಷರತ್ತು. ಹಿರಿಯರ ಕಣ್ಣಿಗೆ ಇವರು ಹೊಸ ಗಾಳಿ ಸೋಕಿದವರು. ಹೊರಗೆ ಓದಿ ಬಂದ ಹುಡುಗರ ಕಣ್ಣಿಗೆ ಸಂತರ ಹೆಸರು ಬಿಡದ ಗೊಡ್ಡು.

"ಎರಡೂ ಕಡೆ ಬೈಸ್ಕೊಂಡು ಸಾಕಾಗಿದೆ. ಸಂತರ ಹೆಸರು ತೆಗೆದ್ರೆ ಮುದುಕರು ಈ ಕಾಗದ ಮುಟ್ಟಲ್ಲ. ಹುಡುಗೀನ ಕೇಳ್ದೇ ಇದ್ರೆ ನಾನು ಮುಟ್ಟಲ್ಲ."

ಈಗ ನಿಕಾಹ್ ಪತ್ರದ ಹೊಸ ನಮೂನೆ ಅಚ್ಚಾಗಲಿದೆ. ಮಸೀದಿ ಕಮಿಟಿಯ ಕರಡಿನಲ್ಲಿ ಹನ್ನೊಂದನೇ ಕಾಲಮ್ಮೇ ಇಲ್ಲ. ಮದುವೆ ದಿನ ಸುಮ್ಮನೆ ತಕರಾರು ಯಾಕೆ ಎಂಬುದು ಅವರ ವಾದ. ಶುಕ್ರವಾರ ತೀರ್ಮಾನ. ಕೇಳಿ ನನಗಂತೂ ಮೈ ಉರಿಯಿತು. ಇವರಿಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣ ಉಳಿದಿಲ್ಲ. ಮನೆಯಲ್ಲೂ ಸಾಕು ಬಿಡಿ ಎನ್ನುತ್ತಾರೆ.

ಯಾಕೆ ಬಿಡುವುದಿಲ್ಲ ಎಂದು ಕೇಳಿದೆ. ಪೆನ್ನಿನ ಮುಚ್ಚಳ ಹಾಕಿ ಹೇಳಿದರು:

"ನನ್ನ ಮಗಳ ಕಾಗದದಲ್ಲೂ 'ಇಲ್ಲ' ಅಂತ ಬರೆದೋನು ನಾನೇ. ಅವಳು ಪಕ್ಕದ ಕೋಣೇಲೇ ಇದ್ಲು. ಹತ್ತು ಹೆಜ್ಜೆ. ಎದ್ದು ಹೋಗಿ ಕೇಳ್ಲಿಲ್ಲ."

ಮದುವೆಯಾದ ಆರೇ ತಿಂಗಳಿಗೆ ಮಗಳ ಕಾಲೇಜು ನಿಂತಿತು. ಅವಳು ಇಂದಿಗೂ ಅಪ್ಪನನ್ನು ಒಂದು ಮಾತು ಅಂದಿಲ್ಲ. ಅದೇ ಇವರನ್ನು ಕೊರೆಯುತ್ತದೆ.

ಶುಕ್ರವಾರ ಕಮಿಟಿಯ ಮುಂದೆ ಏನು ಹೇಳುತ್ತೀರಿ ಎಂದರೆ, ತಮಗೆ ಭಾಷಣ ಬರುವುದಿಲ್ಲ ಎನ್ನುತ್ತಾರೆ.

"ಕಾಲಂ ಇರ್ಲಿ. ಗೆರೆ ಎಳೀಲೇಬೇಕು ಅಂದ್ರೆ ಮದುಮಗಳೇ ಎಳೀಲಿ. ಪೆನ್ನು ಅವಳ ಕೈಲಿರ್ಲಿ. ಅಷ್ಟು ಕೇಳ್ತೀನಿ."